ಡಬ್ಲಿನ್ನಿನ ಜವಳಿ ವ್ಯಾಪಾರಿ: ವಿಡಂಬನ ಲೇಖಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ತರುಣ ಮಿತ್ರರೇ,

ಪತ್ರಿಕೆಗಳಲ್ಲಿ ರಾಜಕೀಯ ವಿಡಂಬನೆಯನ್ನು ಬರೆಯಲು ತೊಡಗಿರುವ ನಿಮ್ಮಲ್ಲಿ ಅನೇಕರು, ತಮ್ಮ ಬರಹವು ಕಟುವಾಯಿತೆಂದು ಯಾರಾದರೂ ಆಕ್ಷೇಪಿಸಿದಾಗ, ಐರ್ಲೆಂಡಿನ ಜೋನಾಥನ್ ಸ್ವಿಫ್ಟನ ಹೆಸರನ್ನು ಮುಂದಿಡುವುದನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಆ ಹೆಸರನ್ನು ಆಶ್ರಯಿಸುವುದು ತಪ್ಪೆಂದು ಹೇಳಲಾರೆ. ಆಂಗ್ಲಭಾಷೆಯಲ್ಲಿ ಗದ್ಯವನ್ನು ಬರೆದವರೊಳಗೆ ಅಷ್ಟು ನಿಷ್ಠುರವೂ ಅಷ್ಟು ನಿರಾಡಂಬರವೂ ಆದ ಲೇಖನಿ ಮತ್ತೊಂದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಆದರೆ ಸ್ವಿಫ್ಟನ ಕೋಪವೆಲ್ಲವೂ ಒಂದೇ ಬಗೆಯದಲ್ಲ. ತನಗೆ ಆಶ್ರಯವಿತ್ತ ಯಜಮಾನನ ಮಾನರಕ್ಷಣೆಗಾಗಿ ವಿದ್ವಾಂಸರ ಮೇಲೆ ಹರಿಹಾಯ್ದ ಸ್ವಿಫ್ಟನುಂಟು. ಮಂತ್ರಿಗಳೊಡನೆ ಊಟಕ್ಕೆ ಕುಳಿತೆದ್ದು ಬಂದು ಅವರ ವೈರಿಗಳನ್ನು ಲೇಖನಿಯಿಂದ ಉರುಳಿಸಿದ ಸ್ವಿಫ್ಟನುಂಟು. ಡಬ್ಲಿನ್ನಿನ ಬೀದಿಯಂಗಡಿಯವನಿಗೆ ಅವನ ಕೈಯ ನಾಣ್ಯದ ಲೆಕ್ಕವನ್ನು ಸಾವಧಾನವಾಗಿ ತಿಳಿಹೇಳಿದ ಸ್ವಿಫ್ಟನೂ ಉಂಟು. ಇವರಲ್ಲಿ ಯಾರ ಮಾರ್ಗವನ್ನು ಹಿಡಿಯುತ್ತೀರೆಂಬುದನ್ನು ಬರೆಯುವ ಮುನ್ನವೇ ನಿಶ್ಚಯಿಸಿಕೊಳ್ಳಿರೆಂದು ಪ್ರಾರ್ಥಿಸುವುದಕ್ಕಾಗಿ ಈ ಪತ್ರ.

ಅವನು 1667ರ ನವೆಂಬರ್ 30ರಂದು ಡಬ್ಲಿನ್ನಿನಲ್ಲಿ ಹುಟ್ಟಿದನು. ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದುದರಿಂದ ಬಂಧುಗಳ ಹಂಗಿನಲ್ಲಿಯೇ ಕಿಲ್ಕೆನ್ನಿಯ ಶಾಲೆಯಲ್ಲಿಯೂ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿಯೂ ಓದಿ, 1689ರಲ್ಲಿ ದೇಶದಲ್ಲಿ ಯುದ್ಧದ ಭೀತಿ ಹಬ್ಬಿದಾಗ ಇಂಗ್ಲೆಂಡಿಗೆ ಹೋಗಿ, ಸರ್ರೆ ಪ್ರಾಂತದ ಮೂರ್ ಪಾರ್ಕಿನಲ್ಲಿ ನೆಲಸಿದ್ದ ಸರ್ ವಿಲಿಯಂ ಟೆಂಪಲನೆಂಬ ನಿವೃತ್ತ ರಾಯಭಾರಿಯ ಕಾರ್ಯದರ್ಶಿಯಾದನು. ಸ್ವಾಭಿಮಾನಿಯಾದ ತರುಣನಿಗೆ ಪರಗೃಹವಾಸವು ಎಷ್ಟು ಕಠಿನವೆಂಬುದನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಅವನ ಮೊದಲನೆಯ ಸಾಹಿತ್ಯಕಲಹವು ಹುಟ್ಟಿದ್ದು ಆ ಮನೆಯಲ್ಲಿಯೇ.

ಟೆಂಪಲನು 1690ರಲ್ಲಿ ಪ್ರಾಚೀನರ ವಿದ್ಯೆಯೇ ಆಧುನಿಕರ ವಿದ್ಯೆಗಿಂತ ಶ್ರೇಷ್ಠವೆಂದು ಒಂದು ಪ್ರಬಂಧವನ್ನು ಬರೆದು, ತನ್ನ ವಾದಕ್ಕೆ ಆಧಾರವಾಗಿ ಸಿಸಿಲಿಯ ಫಲಾರಿಸನೆಂಬ ಪುರಾತನ ಸರ್ವಾಧಿಕಾರಿಯ ಹೆಸರಿನಲ್ಲಿ ಪ್ರಚಲಿತವಾಗಿದ್ದ ಗ್ರೀಕ್ ಪತ್ರಗಳನ್ನು ಕೊಂಡಾಡಿದನು. ವಿಲಿಯಂ ವಾಟನನು 1694ರಲ್ಲಿ ಇದಕ್ಕೆ ಪ್ರತಿವಾದವನ್ನು ಹೂಡಿದನು. ಅವನ ಮಿತ್ರನಾದ ರಿಚರ್ಡ್ ಬೆಂಟ್ಲಿಯಾದರೋ, ಆ ಪತ್ರಗಳ ಭಾಷೆ ಫಲಾರಿಸನ ನಾಡಿನದಲ್ಲವೆಂದೂ, ಅವನ ಕಾಲದಲ್ಲಿ ಇನ್ನೂ ಹುಟ್ಟದೆ ಇದ್ದ ಪಟ್ಟಣಗಳ ಪ್ರಸ್ತಾಪವು ಅವುಗಳಲ್ಲಿದೆಯೆಂದೂ ತೋರಿಸಿ, ಅವು ಎಷ್ಟೋ ಶತಮಾನಗಳ ಅನಂತರ ಯಾರೋ ಕಲ್ಪಿಸಿದ ಬರಹಗಳೆಂದು 1697ರಲ್ಲಿ ಸಾಧಿಸಿದನು. ಒಡೆಯನಿಗಾದ ಈ ಅವಮಾನವನ್ನು ಸಹಿಸದೆ ಸ್ವಿಫ್ಟನು ‘ಪುಸ್ತಕಗಳ ಕಾಳಗ’ವನ್ನು ರಚಿಸಿದನು. ಸೇಂಟ್ ಜೇಮ್ಸ್ ಅರಮನೆಯ ಪುಸ್ತಕಭಂಡಾರದಲ್ಲಿ, ಬೆಂಟ್ಲಿಯೇ ಪಾಲಕನಾಗಿದ್ದ ಆ ಭಂಡಾರದಲ್ಲಿ, ಹಳೆಯ ಪುಸ್ತಕಗಳೂ ಹೊಸ ಪುಸ್ತಕಗಳೂ ಹೋಮರನ ವೀರರಂತೆ ಕಾದಾಡುತ್ತವೆ. ಕಡೆಯಲ್ಲಿ, ಫಲಾರಿಸನ ಪತ್ರಗಳನ್ನು ಸಂಪಾದಿಸಿದ್ದ ಚಾರ್ಲ್ಸ್ ಬಾಯಲನ ಒಂದೇ ಈಟಿಗೆ ಬೆಂಟ್ಲಿ ವಾಟನರಿಬ್ಬರೂ ಒಟ್ಟಾಗಿ ಗುರಿಯಾಗುತ್ತಾರೆ. ನಡುವೆ ಬರುವ ಜೇಡ ಮತ್ತು ಜೇನುಹುಳುಗಳ ಸಂವಾದವು ಇಂದಿಗೂ ಓದುವವರನ್ನು ಮೋಹಗೊಳಿಸುತ್ತದೆ.

ಆದರೆ ಬೆಂಟ್ಲಿಯು ಹೇಳಿದುದು ಸತ್ಯವಾಗಿತ್ತು. ನಗೆಯಲ್ಲಿ ಸೋತವನು ಶಾಸ್ತ್ರದಲ್ಲಿ ಗೆದ್ದನು. ಆ ಪತ್ರಗಳು ಕೃತಕವೆಂಬುದನ್ನು ಈಗ ಯಾವ ವಿದ್ವಾಂಸನೂ ಸಂದೇಹಿಸುವುದಿಲ್ಲ, ಗ್ರೀಕ್ ಗ್ರಂಥಪರಿಶೋಧನೆಗೆ ಬೆಂಟ್ಲಿಯ ಪ್ರಬಂಧವು ಒಂದು ಆದರ್ಶವಾಗಿಯೇ ನಿಂತಿದೆ. ಪರಿಹಾಸವು ಎಷ್ಟೇ ಪ್ರಬಲವಾದರೂ ವಸ್ತುಸ್ಥಿತಿಯನ್ನು ಒಂದು ಕೂದಲೆಳೆಯಷ್ಟೂ ಕದಲಿಸಲಾರದೆಂಬುದನ್ನು ಮರೆತು, ಎದುರಾಳಿಯ ವಾದವನ್ನು ಪರೀಕ್ಷಿಸದೆಯೇ ಅವನ ಗಡುಸುತನವನ್ನೂ ಪಾಂಡಿತ್ಯಪ್ರದರ್ಶನವನ್ನೂ ಅಣಕಿಸಿ ತೃಪ್ತರಾಗುವ ಬರಹಗಾರರು ನಮ್ಮಲ್ಲಿಯೂ ಇರುವುದರಿಂದ ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಬರೆದೆನು. ‘ಪುಸ್ತಕಗಳ ಕಾಳಗ’ವು 1704ರಲ್ಲಿ ‘ಎ ಟೇಲ್ ಆಫ್ ಎ ಟಬ್’ ಎಂಬ ಮತವಿಡಂಬನೆಯ ಸಂಗಡ ಪ್ರಕಟವಾದಾಗ ವಾಟನನು ಆ ಮತವಿಡಂಬನೆಯನ್ನು ಖಂಡಿಸಿ ದೀರ್ಘವಾದ ಟೀಕೆಯನ್ನು ಅಚ್ಚುಹಾಕಿಸಿದನು. ಸ್ವಿಫ್ಟನು 1710ರ ಆವೃತ್ತಿಯಲ್ಲಿ ಅದೇ ಟೀಕೆಯ ವಾಕ್ಯಗಳನ್ನು ಎತ್ತಿಕೊಂಡು, ವಾಟನನ ಹೆಸರಿನೊಡನೆ, ತನ್ನ ಗ್ರಂಥಕ್ಕೆ ಅಡಿಟಿಪ್ಪಣಿಗಳನ್ನಾಗಿ ಜೋಡಿಸಿಬಿಟ್ಟನು. ವೈರಿಯನ್ನೇ ವ್ಯಾಖ್ಯಾನಕಾರನನ್ನಾಗಿ ದುಡಿಸಿಕೊಂಡ ಈ ಚಾತುರ್ಯಕ್ಕೆ ಸಮನಾದುದನ್ನು ಬೇರೆ ಯಾವ ಸಾಹಿತ್ಯಕಲಹದಲ್ಲಿಯೂ ನಾನು ಕಂಡಿಲ್ಲ.

ಪಂಚಾಂಗಕರ್ತನಾದ ಜಾನ್ ಪಾರ್ಟ್ರಿಜನ ಪ್ರಸಂಗವು ನಿಮಗೆ ತಿಳಿದೇ ಇರಬಹುದು. ಐಸಾಕ್ ಬಿಕರ್‌ಸ್ಟಾಫ್ ಎಂಬ ಕಲ್ಪಿತ ಜ್ಯೋತಿಷಿಯ ಹೆಸರಿನಲ್ಲಿ ಸ್ವಿಫ್ಟನು, ಪಾರ್ಟ್ರಿಜನು 1708ರ ಮಾರ್ಚ್ 29ರಂದು ರಾತ್ರಿ ಹನ್ನೊಂದು ಗಂಟೆಯ ಸುಮಾರಿಗೆ ಜ್ವರದಿಂದ ಸಾಯುವನೆಂದು ಭವಿಷ್ಯ ನುಡಿದು, ಆ ದಿನವು ಕಳೆದೊಡನೆ ಅವನ ಮರಣವೃತ್ತಾಂತವನ್ನೂ ಚರಮಗೀತೆಯನ್ನೂ ಪ್ರಕಟಿಸಿದನು. ತಾನು ಬದುಕಿದ್ದೇನೆಂದು ಪಾರ್ಟ್ರಿಜನು ಸಾರಿಕೊಂಡಷ್ಟೂ ಲಂಡನ್ ನಗರವು ನಕ್ಕಿತು. ಜನರ ಭಯವನ್ನೂ ಮೌಢ್ಯವನ್ನೂ ಮಾರಿ ಜೀವಿಸುವ ವೃತ್ತಿಯೊಂದನ್ನು ಅದರ ಆಯುಧದಿಂದಲೇ ಇರಿದ ಈ ಲೇಖನಗಳನ್ನು ನಾನು ಮೆಚ್ಚುತ್ತೇನೆ. ಆದರೂ ಇದು ಅವನ ಮಹತ್ವದ ಕಾರ್ಯವಲ್ಲ. ಮರುವರ್ಷ ರಿಚರ್ಡ್ ಸ್ಟೀಲನು ‘ಟ್ಯಾಟ್ಲರ್’ ಪತ್ರಿಕೆಯನ್ನು ಆರಂಭಿಸುವಾಗ ಬಿಕರ್‌ಸ್ಟಾಫನ ಹೆಸರನ್ನೇ ಎರವಲು ಪಡೆದನೆಂಬುದನ್ನು ಮಾತ್ರ ನೆನಪಿನಲ್ಲಿಡಿರಿ. ಸ್ವಿಫ್ಟನೂ ಸ್ಟೀಲನೂ ಆಗ ಮಿತ್ರರಾಗಿದ್ದರು.

ಈಗ ಅವನ ಪಕ್ಷರಾಜಕೀಯದ ಕಾಲಕ್ಕೆ ಬರುತ್ತೇನೆ. ಐರ್ಲೆಂಡಿನ ಆಂಗ್ಲಿಕನ್ ಪಾದ್ರಿಗಳ ಮೇಲಿದ್ದ ಕೆಲವು ಕಂದಾಯಗಳನ್ನು ಬಿಡಿಸಿಕೊಡಬೇಕೆಂಬ ಅಹವಾಲನ್ನು ಹೊತ್ತು ಅವನು ಲಂಡನ್ನಿಗೆ ಹೋಗಿದ್ದನು. ಆಗ ಆಳುತ್ತಿದ್ದ ವಿಗ್ ಪಕ್ಷದ ಮಂತ್ರಿಗಳು ಅವನನ್ನು ವರ್ಷಗಟ್ಟಲೆ ಅಲೆದಾಡಿಸಿದರು. 1710ರಲ್ಲಿ ಅಧಿಕಾರಕ್ಕೆ ಬಂದ ಎದುರುಪಕ್ಷದ ಟೋರಿಗಳ ಮುಖಂಡನಾದ ರಾಬರ್ಟ್ ಹಾರ್ಲಿಯು ಅವನನ್ನು ಆದರದಿಂದ ಬರಮಾಡಿಕೊಂಡು, ಆ ಕಾರ್ಯವನ್ನು ಕೆಲವೇ ವಾರಗಳಲ್ಲಿ ನೆರವೇರಿಸಿಕೊಟ್ಟನು. ಸ್ವಿಫ್ಟನು ಆ ನವೆಂಬರಿನಿಂದ ಮರುವರ್ಷದ ಜೂನಿನವರೆಗೆ ಟೋರಿಗಳ ‘ಎಕ್ಸಾಮಿನರ್’ ಪತ್ರಿಕೆಯನ್ನು ವಾರವಾರವೂ ಬರೆದನು. ಅವನು ಹಣಕ್ಕಾಗಿ ಪಕ್ಷವನ್ನು ಬದಲಾಯಿಸಿದನೆಂಬ ನಿಂದೆಯನ್ನು ನಾನು ಒಪ್ಪುವುದಿಲ್ಲ. ಚರ್ಚಿನ ವಿಷಯದಲ್ಲಿ ಅವನ ಅಭಿಪ್ರಾಯವು ಮೊದಲಿನಿಂದಲೂ ಟೋರಿಗಳಿಗೆ ಸಮೀಪವಾಗಿದ್ದಿತು. ಹಾರ್ಲಿಯು ಲೇಖನಗಳಿಗೆ ಪ್ರತಿಫಲವೆಂದು ಐವತ್ತು ಪೌಂಡಿನ ನೋಟನ್ನು ಕೊಡಹೋದಾಗ ಅವನು ಅದನ್ನು ಹಿಂದಿರುಗಿಸಿ, ಮಂತ್ರಿಯು ತಪ್ಪೊಪ್ಪಿಕೊಳ್ಳುವವರೆಗೂ ಅವನ ಮನೆಯ ಊಟವನ್ನೇ ನಿರಾಕರಿಸಿದನು.

ಆ ಪತ್ರಿಕೆಯಲ್ಲಿ ಅವನು ಬರೆದುದರೊಳಗೆ ಅತಿ ಪ್ರಸಿದ್ಧವಾದುದು, ಬ್ಲೆನ್‌ಹೈಮಿನ ವಿಜೇತನಾದ ಮಾರ್ಲ್‌ಬರೋ ಡ್ಯೂಕನಿಗೆ ದೇಶವು ಕೃತಘ್ನವಾಯಿತೆಂಬ ವಿಗ್ಗರ ಆರೋಪಕ್ಕೆ ಕೊಟ್ಟ ಉತ್ತರ. ಅದರಲ್ಲಿ ಒಂದು ಆಕ್ರೋಶದ ಮಾತೂ ಇಲ್ಲ, ಎರಡು ಪಟ್ಟಿಗಳಿವೆ. ವಿಜಯಿಯಾದ ರೋಮನ್ ಸೇನಾನಿಗೆ ಆ ಜನರು ಕೊಡುತ್ತಿದ್ದ ಧೂಪ, ಬಲಿಯ ಎತ್ತು, ಕಸೂತಿಯ ಉಡುಪು, ಎರಡು ಪೆನ್ಸು ಬೆಲೆಯ ಲಾರೆಲ್ ಎಲೆಯ ಕಿರೀಟ ಮೊದಲಾದವುಗಳ ಒಟ್ಟು ಮೌಲ್ಯ 994 ಪೌಂಡು 11 ಷಿಲಿಂಗು 10 ಪೆನ್ಸು. ಬ್ರಿಟನ್ನು ತನ್ನ ಡ್ಯೂಕನಿಗೆ ಕೊಟ್ಟ ಜಮೀನು, ಅರಮನೆ, ಆಭರಣ, ಉದ್ಯೋಗಗಳ ಒಟ್ಟು ಮೌಲ್ಯ 5,40,000 ಪೌಂಡು. 1711ರ ನವೆಂಬರಿನಲ್ಲಿ ಹೊರಟ ‘ಮಿತ್ರರಾಷ್ಟ್ರಗಳ ನಡತೆ’ ಎಂಬ ಪುಸ್ತಿಕೆಯಲ್ಲಿಯೂ ಇದೇ ವಿಧಾನ: ಫ್ರಾನ್ಸಿನೊಡನೆ ನಡೆಯುತ್ತಿದ್ದ ದೀರ್ಘಯುದ್ಧದ ಭಾರವನ್ನು ಇಂಗ್ಲೆಂಡಿನ ಭೂಮಿಯೊಡೆಯರು ಹೊರುತ್ತಿದ್ದಾರೆ, ಲಾಭವನ್ನು ಡಚ್ಚರೂ ಸಾಲಪತ್ರಗಳ ವ್ಯಾಪಾರಿಗಳೂ ಸೇನಾಪತಿಯ ಕುಟುಂಬವೂ ಪಡೆಯುತ್ತಿವೆ ಎಂದು ಒಪ್ಪಂದದ ವಿಧಿಗಳನ್ನೂ ಖರ್ಚಿನ ವಿವರಗಳನ್ನೂ ಮುಂದಿಟ್ಟು ಅವನು ವಾದಿಸಿದನು. ಎರಡು ತಿಂಗಳ ಸುಮಾರಿನಲ್ಲಿ 11,000 ಪ್ರತಿಗಳು ಮಾರಾಟವಾದವು. ಪಾರ್ಲಿಮೆಂಟಿನ ಸದಸ್ಯರು ತಮ್ಮ ಭಾಷಣಗಳಿಗೆ ಸಾಮಗ್ರಿಯನ್ನು ಅದರಿಂದಲೇ ತೆಗೆದುಕೊಂಡರು. ಡಿಸೆಂಬರ್ ಮುಗಿಯುವಷ್ಟರಲ್ಲಿ ಮಾರ್ಲ್‌ಬರೋ ಪದಚ್ಯುತನಾದನು. 1713ರ ಉಟ್ರೆಕ್ಟ್ ಸಂಧಿಗೆ ಜನಮನಸ್ಸನ್ನು ಸಿದ್ಧಗೊಳಿಸಿದ ಶಕ್ತಿಗಳಲ್ಲಿ ಈ ಪುಸ್ತಿಕೆಯೂ ಒಂದು.

ಇಷ್ಟು ಫಲವನ್ನು ಕಂಡ ರಾಜಕೀಯ ಲೇಖನ ಯಾವ ದೇಶದಲ್ಲಿಯೂ ವಿರಳ. ಹಾಗಿದ್ದರೂ ಆ ನಾಲ್ಕು ವರ್ಷಗಳ ಬರಹವನ್ನು ಒಟ್ಟಾಗಿ ಓದುವಾಗ ಮನಸ್ಸು ಕುಗ್ಗುತ್ತದೆ. ಏಕೆಂದರೆ ಆ ಲೆಕ್ಕಪಟ್ಟಿಗಳೆಲ್ಲವೂ ಸತ್ಯವಾಗಿರಲಿ, ಅರ್ಧಸತ್ಯವಾಗಿರಲಿ, ಯಾವುದನ್ನು ಹೇಳಬೇಕು, ಯಾವುದನ್ನು ಮರೆಮಾಡಬೇಕು ಎಂಬುದನ್ನು ನಿಶ್ಚಯಿಸುತ್ತಿದ್ದುದು ಮಂತ್ರಿಮಂಡಲದ ಅಗತ್ಯವೇ ಹೊರತು ಲೇಖಕನ ಅಂತಃಕರಣವಲ್ಲ. ಇದರ ಕಹಿಯು ಹೆಚ್ಚಾಗಿ ಕಾಣುವುದು ಸ್ಟೀಲನೊಡನೆ ನಡೆದ ಕಲಹದಲ್ಲಿ. 1713ರಲ್ಲಿ ಡನ್‌ಕರ್ಕ್ ಬಂದರಿನ ಕೋಟೆಯನ್ನು ಕೆಡಹುವ ವಿಷಯದಲ್ಲಿ ಸ್ಟೀಲನು ಮಂತ್ರಿಮಂಡಲವನ್ನು ಟೀಕಿಸಿದನು. ಮರುವರ್ಷ ಸಿಂಹಾಸನದ ಉತ್ತರಾಧಿಕಾರವು ಅಪಾಯದಲ್ಲಿದೆಯೆಂದು ‘ದಿ ಕ್ರೈಸಿಸ್’ ಎಂಬ ಪುಸ್ತಿಕೆಯನ್ನು ಹೊರಡಿಸಿದನು. ಸ್ವಿಫ್ಟನ ಉತ್ತರಗಳಲ್ಲಿ ವಿಷಯದ ವಿಮರ್ಶೆಗಿಂತ ಹಳೆಯ ಸ್ನೇಹಿತನ ಸಾಲ, ವ್ಯಾಕರಣದೋಷ, ಅಲ್ಪವಿದ್ಯೆಗಳ ಹೀಯಾಳಿಕೆಯೇ ಅಧಿಕ. 1714ರ ಮಾರ್ಚಿನಲ್ಲಿ ಟೋರಿ ಬಹುಮತವು ಸ್ಟೀಲನನ್ನು ಹೌಸ್ ಆಫ್ ಕಾಮನ್ಸಿನಿಂದ ಹೊರಹಾಕಿತು. ಮಾತಿನಲ್ಲಿ ಸೋಲಿಸಬೇಕಾದವನನ್ನು ಮತದಿಂದ ಹೊರನೂಕಿದ ಅಧಿಕಾರಕ್ಕೆ ಸ್ವಿಫ್ಟನಂಥ ಲೇಖಕನು ಮುಂಗಾಮಿಯಾದುದು ನನಗೆ ಇಂದಿಗೂ ವ್ಯಥೆಯನ್ನುಂಟುಮಾಡುತ್ತದೆ.

ಆ ಉತ್ತರಗಳಲ್ಲಿ ಎರಡನೆಯದಾದ ‘ವಿಗ್ಗರ ಲೋಕಹಿತಬುದ್ಧಿ’ಯಲ್ಲಿ ಸ್ಕಾಟ್ಲೆಂಡಿನವರನ್ನು ನಿಂದಿಸುವ ಮಾತುಗಳಿದ್ದುದರಿಂದ ಆ ದೇಶದ ಪ್ರಭುಗಳು ದೂರಿತ್ತರು, ಅನಾಮಧೇಯನಾದ ಲೇಖಕನನ್ನು ಹಿಡಿದುಕೊಟ್ಟವರಿಗೆ 300 ಪೌಂಡು ಬಹುಮಾನವೆಂದು ರಾಣಿಯ ಹೆಸರಿನಲ್ಲಿ ಘೋಷಣೆಯಾಯಿತು. ಬರೆದವನಾರೆಂಬುದು ಹಾರ್ಲಿಗೆ ಚೆನ್ನಾಗಿ ತಿಳಿದಿತ್ತು. ಅವನು ಸಭೆಯಲ್ಲಿ ಏನೂ ಅರಿಯದವನಂತೆ ನಡೆದುಕೊಂಡು, ಬಂಧನಕ್ಕೊಳಗಾದ ಮುದ್ರಕರ ಖರ್ಚಿಗಾಗಿ ಸ್ವಿಫ್ಟನಿಗೆ ಗುಟ್ಟಾಗಿ ನೂರು ಪೌಂಡನ್ನು ಕಳುಹಿಸಿಕೊಟ್ಟನು. ಈ ಮುನ್ನೂರು ಪೌಂಡನ್ನು ದಯವಿಟ್ಟು ನೆನಪಿನಲ್ಲಿಡಿರಿ. ಹತ್ತು ವರ್ಷಗಳ ತರುವಾಯ ಅದೇ ಮೊತ್ತವು ಅದೇ ತಲೆಯ ಮೇಲೆ ಮತ್ತೊಮ್ಮೆ ಬೀಳಲಿದೆ.

1714ರ ಆಗಸ್ಟ್ 1ರಂದು ಆ್ಯನ್ ರಾಣಿ ತೀರಿಕೊಂಡಳು, ಟೋರಿಗಳು ಚದುರಿಹೋದರು. ಹಿಂದಿನ ವರ್ಷವೇ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ಕಥೀಡ್ರಲಿಗೆ ಡೀನನಾಗಿ, ಎಂದರೆ ಮುಖ್ಯ ಪಾದ್ರಿಯಾಗಿ, ನೇಮಕವಾಗಿದ್ದ ಸ್ವಿಫ್ಟನು, ತಾನು ಬಯಸಿದ ಇಂಗ್ಲೆಂಡಿನ ಪದವಿ ದೊರೆಯದೆ, ದೇಶಭ್ರಷ್ಟನಾದೆನೆಂಬ ದುಃಖದಿಂದ ತಾಯ್ನಾಡಿಗೆ ಮರಳಿ ಆರು ವರ್ಷ ಮೌನವಾಗಿದ್ದನು. ಕಥೀಡ್ರಲಿನ ಸುತ್ತಣ ಬೀದಿಗಳಲ್ಲಿ ನೇಕಾರರು ವಾಸವಾಗಿದ್ದರು. ಐರ್ಲೆಂಡಿನ ಉಣ್ಣೆಯ ಬಟ್ಟೆಯನ್ನು ಹೊರದೇಶಗಳಿಗೆ ಕಳುಹಿಸಕೂಡದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1699ರಲ್ಲಿಯೇ ಶಾಸನಮಾಡಿತ್ತು. ಆ ಮಗ್ಗಗಳು ಒಂದೊಂದಾಗಿ ನಿಲ್ಲುವುದನ್ನೂ, ಜಮೀನುದಾರರು ಗೇಣಿಯನ್ನು ಹಿಂಡಿ ಆ ಹಣವನ್ನು ಲಂಡನ್ನಿನಲ್ಲಿ ಕುಳಿತು ವ್ಯಯಮಾಡುವುದನ್ನೂ ಡೀನನು ದಿನವೂ ಕಂಡನು. ಐರ್ಲೆಂಡಿಗೆ ನೇರವಾಗಿ ಶಾಸನಮಾಡುವ ಹಕ್ಕು ತನಗುಂಟೆಂದು ಬ್ರಿಟಿಷ್ ಪಾರ್ಲಿಮೆಂಟು 1720ರಲ್ಲಿ ಘೋಷಿಸಿಕೊಂಡಿತು. ಅದೇ ವರ್ಷ ಅವನು, ಐರಿಷ್ ಜನರು ತಮ್ಮ ದೇಶದಲ್ಲಿ ನೆಯ್ದ ಬಟ್ಟೆಯನ್ನೇ ಉಡಬೇಕು, ಇಂಗ್ಲೆಂಡಿನಿಂದ ಬಂದುದನ್ನು ತ್ಯಜಿಸಬೇಕೆಂದು ಬೋಧಿಸುವ ಪುಸ್ತಿಕೆಯನ್ನು ಪ್ರಕಟಿಸಿದನು. ಸ್ವದೇಶೀ ವ್ರತವನ್ನು ತಿಳಿದ ನಮ್ಮ ಜನಕ್ಕೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಸರ್ಕಾರವು ಮುದ್ರಕನಾದ ಎಡ್ವರ್ಡ್ ವಾಟರ್ಸನ ಮೇಲೆ ಮೊಕದ್ದಮೆ ಹೂಡಿತು. ಜ್ಯೂರಿಯವರು ನಿರಪರಾಧಿಯೆಂದು ತೀರ್ಪಿತ್ತರು. ಮುಖ್ಯ ನ್ಯಾಯಾಧೀಶ ವಿಟ್‌ಶೆಡನು ಅದನ್ನು ಸ್ವೀಕರಿಸದೆ ಅವರನ್ನು ಒಂಬತ್ತು ಸಲ ಹಿಂದಕ್ಕೆ ಕಳುಹಿಸಿ, ಹನ್ನೊಂದು ಗಂಟೆಗಳ ಕಾಲ ದಣಿಸಿ, ಕಡೆಗೆ ತನಗೆ ಅನುಕೂಲವಾದ ಒಂದು ತೀರ್ಪನ್ನು ಪಡೆದನು. ಆದರೂ ಮೊಕದ್ದಮೆ ಮುಂದುವರಿಯಲಿಲ್ಲ.

ಇನ್ನು ನಾನು ಈ ಪತ್ರವನ್ನು ಯಾವುದಕ್ಕಾಗಿ ಬರೆಯತೊಡಗಿದೆನೋ ಆ ವಿಷಯ. 1722ರಲ್ಲಿ ವಿಲಿಯಂ ವುಡ್ ಎಂಬ ಇಂಗ್ಲೆಂಡಿನ ಕಬ್ಬಿಣದ ವ್ಯಾಪಾರಿಗೆ, ಐರ್ಲೆಂಡಿಗಾಗಿ ಹದಿನಾಲ್ಕು ವರ್ಷಗಳಲ್ಲಿ 360 ಟನ್ ತಾಮ್ರದಿಂದ 1,00,800 ಪೌಂಡು ಮೌಲ್ಯದ ಅರ್ಧಪೆನ್ನಿ ಮತ್ತು ಫಾರ್ದಿಂಗ್ ನಾಣ್ಯಗಳನ್ನು ಅಚ್ಚುಹಾಕುವ ಸನ್ನದು ದೊರೆಯಿತು. ಆ ಸನ್ನದು ಮೊದಲು ಅರಸನ ಪ್ರೇಯಸಿಯಾದ ಕೆಂಡಲ್ ಡಚೆಸ್ಸಳ ಕೈ ಸೇರಿತ್ತು. ವುಡ್ಡನು ಅವಳಿಗೆ ಹತ್ತು ಸಾವಿರ ಪೌಂಡು ತೆತ್ತು ಅದನ್ನು ಕೊಂಡಿದ್ದನು. ಐರ್ಲೆಂಡಿನ ಪಾರ್ಲಿಮೆಂಟನ್ನಾಗಲಿ ಕಂದಾಯದ ಅಧಿಕಾರಿಗಳನ್ನಾಗಲಿ ಯಾರೂ ಒಂದು ಮಾತು ಕೇಳಿರಲಿಲ್ಲ. ಅವರ ಮನವಿಗಳಿಗೆ ಬೆಲೆಯೂ ಬರಲಿಲ್ಲ. ಆಗ, 1724ರ ವಸಂತದಲ್ಲಿ, ಎಂ. ಬಿ. ಎಂಬ ಜವಳಿ ವ್ಯಾಪಾರಿಯ ಹೆಸರಿನಲ್ಲಿ ಒಂದು ಪತ್ರವು ಡಬ್ಲಿನ್ನಿನ ಬೀದಿಗಳಲ್ಲಿ ಕಾಣಿಸಿಕೊಂಡಿತು.

ಆ ಪತ್ರವು ಯಾರಿಗೆ ಬರೆದುದೆಂಬುದನ್ನು ನೋಡಿರಿ: ಅಂಗಡಿಯವರಿಗೆ, ಕಸುಬುದಾರರಿಗೆ, ಬೇಸಾಯಗಾರರಿಗೆ, ಸಾಮಾನ್ಯ ಜನರಿಗೆ. ಪ್ರಾಚೀನ ಆಧುನಿಕರ ಕಾಳಗವನ್ನು ಬರೆದ ಪಂಡಿತನು, ಮಂತ್ರಿಗಳ ಮೆಚ್ಚುಗೆಗೆ ಪಾತ್ರನಾದ ಶೈಲಿಕಾರನು, ಇಲ್ಲಿ ಗ್ರೀಕನ್ನೂ ಲ್ಯಾಟಿನ್ನನ್ನೂ ಬದಿಗಿಟ್ಟು, ಬಟ್ಟೆಯನ್ನು ಗಜದಿಂದ ಅಳೆಯುವ ಒಬ್ಬ ಗೃಹಸ್ಥನು ನೆರೆಯವನೊಡನೆ ಮಾತನಾಡುವ ರೀತಿಯಲ್ಲಿ ಮಾತನಾಡಿದನು. ಕಾನೂನಿನ ಪ್ರಕಾರ ಪ್ರಜೆಯು ಸ್ವೀಕರಿಸಲೇಬೇಕಾದುದು ಚಿನ್ನ ಬೆಳ್ಳಿಗಳ ನಾಣ್ಯವನ್ನು ಮಾತ್ರವೆಂದೂ, ತಾಮ್ರದ ನಾಣ್ಯವನ್ನು ಬೇಡವೆನ್ನುವುದು ರಾಜದ್ರೋಹವಲ್ಲವೆಂದೂ ಹಳೆಯ ಶಾಸನಗಳನ್ನು ಹೆಸರಿಸಿ ಧೈರ್ಯಹೇಳಿದನು. ಈ ಹಗುರವಾದ ತಾಮ್ರವು ದೇಶದ ಹಣವಾಗಿಬಿಟ್ಟರೆ, ವರ್ಷಕ್ಕೆ ಹದಿನಾರು ಸಾವಿರ ಪೌಂಡು ವರಮಾನವುಳ್ಳ ಕಾನೊಲಿಯೆಂಬ ಶ್ರೀಮಂತನು ಅರ್ಧವರ್ಷದ ಗೇಣಿಯನ್ನು ಊರಿಗೆ ತರಿಸಲು ಇನ್ನೂರಕ್ಕೂ ಹೆಚ್ಚು ಕುದುರೆಗಳನ್ನು ಹೂಡಬೇಕಾಗುವುದೆಂದು ಲೆಕ್ಕಹಾಕಿ ತೋರಿಸಿದನು. ಓದುಬಾರದವನೂ ಈ ಚಿತ್ರವನ್ನು ಕೇಳಿ ಗ್ರಹಿಸಬಲ್ಲನು. ಮಾರ್ಲ್‌ಬರೋನ ಮೇಲೆ ಪ್ರಯೋಗಿಸಿದ ಲೆಕ್ಕಪಟ್ಟಿಯ ಕೌಶಲವೇ ಇದು. ಆದರೆ ಅಂದು ಅದು ಅಧಿಕಾರದ ಕೈಯಲ್ಲಿತ್ತು, ಈಗ ಅದು ಅಧಿಕಾರದಿಂದ ವಂಚಿತರಾಗಲಿದ್ದವರ ಕೈಗೆ ಬಂದಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಟಂಕಸಾಲೆಯ ಮುಖ್ಯಸ್ಥನಾಗಿದ್ದ ಸರ್ ಐಸಾಕ್ ನ್ಯೂಟನನು ವುಡ್ಡನ ನಾಣ್ಯಗಳನ್ನು ಪರೀಕ್ಷಿಸಿ ಅವು ಸನ್ನದಿನ ನಿಬಂಧನೆಗಳಿಗೆ ಸರಿಯಾಗಿವೆಯೆಂದು ವರದಿಮಾಡಿದನು. ಜವಳಿ ವ್ಯಾಪಾರಿಯು ವರ್ಣಿಸಿದ ಸರ್ವನಾಶವು ಆ ನಾಣ್ಯಗಳಿಂದ ಸಂಭವಿಸುತ್ತಿರಲಿಲ್ಲವೆಂದು ನಾನೂ ಭಾವಿಸುತ್ತೇನೆ. ತಾಮ್ರದ ವಿಷಯದಲ್ಲಿ ಸ್ವಿಫ್ಟನು ಅತಿಶಯೋಕ್ತಿಯನ್ನಾಡಿದನು. ಆದರೆ ಕಲಹದ ತಿರುಳು ತಾಮ್ರದಲ್ಲಿರಲಿಲ್ಲ. ಒಂದು ದೇಶದ ಹಣವನ್ನು ಆ ದೇಶದವರ ಸಮ್ಮತಿಯಿಲ್ಲದೆ ಲಂಚದ ಮೂಲಕ ಒಬ್ಬ ಖಾಸಗಿ ವ್ಯಾಪಾರಿಗೆ ಗುತ್ತಿಗೆ ಕೊಡಬಹುದೇ ಎಂಬುದು ಪ್ರಶ್ನೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಟ ನಾಲ್ಕನೆಯ ಪತ್ರವು ಆ ಪ್ರಶ್ನೆಯನ್ನು ಮುಸುಕಿಲ್ಲದೆ ಎತ್ತಿತು. ಅದನ್ನು ಐರ್ಲೆಂಡಿನ ಸಮಸ್ತ ಜನರಿಗೆ ಎಂದು ಸಂಬೋಧಿಸಿ, ಆಳಲ್ಪಡುವವರ ಸಮ್ಮತಿಯಿಲ್ಲದ ಆಳ್ವಿಕೆಯು ದಾಸ್ಯವೇ ಎಂದೂ, ಐರ್ಲೆಂಡಿನ ಜನರು ಅರಸನಿಗೆ ಅಧೀನರೇ ಹೊರತು ಇಂಗ್ಲೆಂಡಿಗೆ ಅಧೀನರಲ್ಲವೆಂದೂ ಅವನು ಸ್ಪಷ್ಟವಾಗಿ ಬರೆದನು. ಹೊಸ ರಾಜಪ್ರತಿನಿಧಿಯಾಗಿ ಬಂದಿಳಿದ ಕಾರ್ಟರೆಟ್ ಪ್ರಭು, ಸ್ವಿಫ್ಟನ ಹಳೆಯ ಪರಿಚಿತನೇ ಆಗಿದ್ದರೂ, ಲೇಖಕನನ್ನು ಹಿಡಿದುಕೊಟ್ಟವರಿಗೆ 300 ಪೌಂಡು ಬಹುಮಾನವೆಂದು ಘೋಷಿಸಿದನು.

ಬರೆದವನು ಡೀನನೆಂಬುದು ಡಬ್ಲಿನ್ನಿನಲ್ಲಿ ಎಲ್ಲರಿಗೂ ತಿಳಿದಿತ್ತು. ಮುನ್ನೂರು ಪೌಂಡೆಂದರೆ ಒಬ್ಬ ನೇಕಾರನು ಜನ್ಮದಲ್ಲಿ ಒಟ್ಟಿಗೆ ಕಾಣದ ಹಣ. ಯಾರೊಬ್ಬರೂ ಬಾಯಿಬಿಡಲಿಲ್ಲ. ಪತ್ರಗಳನ್ನು ಪ್ರತಿಮಾಡಿಕೊಟ್ಟಿದ್ದ ಅವನ ಮನೆಯ ಸೇವಕನೂ, ಒಂದು ರಾತ್ರಿ ತಡವಾಗಿ ಬಂದುದಕ್ಕೆ ಯಜಮಾನನು ಹೊರಗೆ ಅಟ್ಟಿದಾಗ ಕೂಡ, ಗುಟ್ಟನ್ನು ಕಾಪಾಡಿದನೆಂದೂ, ಆಮೇಲೆ ಸ್ವಿಫ್ಟನು ಅವನಿಗೆ ಕಥೀಡ್ರಲಿನಲ್ಲಿ ಒಂದು ಉದ್ಯೋಗವನ್ನು ಕೊಟ್ಟನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ಮುದ್ರಕ ಜಾನ್ ಹಾರ್ಡಿಂಗನನ್ನು ಸೆರೆಹಿಡಿದರು. ಅದೇ ವಿಟ್‌ಶೆಡನು ಗ್ರ್ಯಾಂಡ್ ಜ್ಯೂರಿಯ ಮುಂದೆ ವಿಷಯವನ್ನಿಟ್ಟನು. ಅವರು ದೋಷಾರೋಪಣೆಗೆ ಒಪ್ಪಲಿಲ್ಲ. ಅವನು ಕೋಪಗೊಂಡು ಅವರನ್ನು ವಿಸರ್ಜಿಸಿ ಬೇರೊಂದು ಜ್ಯೂರಿಯನ್ನು ಕರೆಸಿದರೆ, ಅವರು ವುಡ್ಡನ ನಾಣ್ಯವನ್ನು ಚಲಾಯಿಸಲು ಯತ್ನಿಸುವವರೇ ದೇಶದ ಶತ್ರುಗಳೆಂದು ಬರೆದುಕೊಟ್ಟರು. 1725ರಲ್ಲಿ ಸನ್ನದನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ವುಡ್ಡನಿಗೆ ಪರಿಹಾರವಾಗಿ ಎಂಟು ವರ್ಷಗಳವರೆಗೆ ವರ್ಷಕ್ಕೆ 3,000 ಪೌಂಡು ಗೊತ್ತಾಯಿತು.

ಮಿತ್ರರೇ, ಎರಡು ಸಲವೂ ಬೆಲೆ ಮುನ್ನೂರು ಪೌಂಡು. ಮೊದಲನೆಯ ಸಲ ಅವನನ್ನು ರಕ್ಷಿಸಿದುದು ಮಂತ್ರಿಯೊಬ್ಬನ ಕಪಟ. ಎರಡನೆಯ ಸಲ ರಕ್ಷಿಸಿದುದು ಒಂದು ಪಟ್ಟಣದ ಬಡಜನರ ಮೌನ. ಸ್ವಿಫ್ಟನ ಸಾಹಸವನ್ನು ಹೊಗಳುವಾಗ ಇನ್ನೊಂದನ್ನೂ ಮರೆಯಬಾರದು: ಸೆರೆಮನೆಯನ್ನು ಕಂಡವನು ಅವನಲ್ಲ, ಹಾರ್ಡಿಂಗ್. ಆ ಮುದ್ರಕನು 1725ರಲ್ಲಿ ತೀರಿಕೊಂಡನು. ಅವನ ವಿಧವೆ ಸಾರಾ ಅಚ್ಚುಕೂಟವನ್ನು ಮುಚ್ಚದೆ ನಡೆಸಿದಳು. ನಾಲ್ಕು ವರ್ಷಗಳ ಅನಂತರ ಸ್ವಿಫ್ಟನ ‘ಒಂದು ವಿನಮ್ರ ಸಲಹೆ’ ಎಂಬ ಪ್ರಬಂಧವು ಮೊಟ್ಟಮೊದಲು ಅಚ್ಚಾದದ್ದು ಅವಳ ಹೆಸರಿನಲ್ಲಿಯೇ. ನಿಮ್ಮ ಮಾತಿಗೆ ನೀವಲ್ಲದೆ ಬೇರೆ ಯಾರು ದಂಡ ತೆರಬೇಕಾದೀತೆಂಬುದನ್ನು ಬರೆಯುವಾಗ ಯೋಚಿಸಿರಿ.

1726ರ ‘ಗಲಿವರನ ಪ್ರವಾಸಗಳು’ ಎಲ್ಲರೂ ಬಲ್ಲ ಗ್ರಂಥವಾದುದರಿಂದ ಅದನ್ನು ಕುರಿತು ಇಲ್ಲಿ ಒಂದೇ ಮಾತು. ಮೂರನೆಯ ಭಾಗದಲ್ಲಿ, ಆಕಾಶದಲ್ಲಿ ತೇಲುವ ದ್ವೀಪದ ಅರಸನು ತನ್ನ ಕೆಳಗಿನ ಲಿಂಡಲಿನೋ ಎಂಬ ಪಟ್ಟಣವನ್ನು ನಸುಕಹೋಗಿ ಸೋಲುವ ಪ್ರಸಂಗವೊಂದುಂಟು. ಡಬ್ಲಿನ್ನಿನ ನಾಣ್ಯದ ಹೋರಾಟವೇ ಅದೆಂಬುದು ಸ್ಪಷ್ಟವಾಗಿದ್ದುದರಿಂದ ಯಾವ ಮುದ್ರಕನೂ ಅದನ್ನು ಅಚ್ಚುಹಾಕಲಿಲ್ಲ, ಗ್ರಂಥದೊಳಗೆ ಅದು ಸೇರಿದ್ದು 1899ರಲ್ಲಿ.

ಸ್ವಿಫ್ಟನನ್ನು ಸ್ವಾತಂತ್ರ್ಯದ ಋಷಿಯೆಂದು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಸಮಸ್ತ ಜನರೆಂದು ಬರೆದವನ ಕಣ್ಣಿನಲ್ಲಿ ಆ ಸಮಸ್ತರು ಯಾರಾಗಿದ್ದರೆಂದು ಕೇಳಬೇಕು. ಐರ್ಲೆಂಡಿನ ಬಹುಸಂಖ್ಯಾತರು ಕ್ಯಾಥೊಲಿಕರು. ಭೂಮಿಯನ್ನೂ ವಿದ್ಯೆಯನ್ನೂ ಉದ್ಯೋಗವನ್ನೂ ಅವರಿಂದ ಕಿತ್ತುಕೊಂಡಿದ್ದ ದಂಡಶಾಸನಗಳನ್ನು ತೆಗೆದುಹಾಕಿರೆಂದು ಅವನು ಹೋರಾಡಲಿಲ್ಲ. ಅಲ್ಸ್ಟರಿನ ಪ್ರೆಸ್ಬಿಟೀರಿಯನ್ನರಿಗೆ ಸರ್ಕಾರದ ಉದ್ಯೋಗಗಳು ದೊರೆಯದಂತೆ ತಡೆಯುವ ಶಾಸನವನ್ನು ಅವನು ಕಡೆಯವರೆಗೂ ಸಮರ್ಥಿಸಿದನು. 1737ರಲ್ಲಿ ಡಬ್ಲಿನ್ನಿನ ಭಿಕ್ಷುಕರಿಗೆಲ್ಲ ಅವರವರ ಪ್ಯಾರಿಷ್ಷಿನ ಬಿಲ್ಲೆಯನ್ನು ತೊಡಿಸಬೇಕೆಂದು ಬರೆದುದರಲ್ಲಿ ದಯೆಗಿಂತ ಕಾಠಿನ್ಯವೇ ಅಧಿಕ. ಅವನ ಕೋಪಕ್ಕೆ ಒಂದು ಎಲ್ಲೆಯಿತ್ತು, ಆ ಎಲ್ಲೆಯು ಅವನ ಚರ್ಚಿನ ಗೋಡೆಯೇ ಆಗಿತ್ತು.

ಆದರೆ 1729ರಲ್ಲಿ ಆ ಗೋಡೆಯೂ ಒಂದು ಕ್ಷಣ ಬಿದ್ದುಹೋಯಿತೆಂದು ನನಗೆ ತೋರುತ್ತದೆ. 1727ರಿಂದ ಮೂರು ವರ್ಷ ಬೆಳೆಗಳು ಸರಿಯಾಗಿ ಕೈಗೂಡದೆ ಜನರು ಹಸಿವಿನಿಂದ ಬೀದಿಗೆ ಬಿದ್ದರು. ಆಗ ಅವನು ಒಬ್ಬ ಲೋಕೋಪಕಾರಿಯ ಧ್ವನಿಯನ್ನು ಧರಿಸಿ, ಬಡವರ ಮಕ್ಕಳನ್ನು ಒಂದು ವರ್ಷ ಸಾಕಿ ಶ್ರೀಮಂತರ ಊಟಕ್ಕೆ ಮಾರಬಹುದೆಂಬ ‘ವಿನಮ್ರ ಸಲಹೆ’ಯನ್ನು ಬರೆದನು. ದೇಶದ ಜನಸಂಖ್ಯೆ ಹದಿನೈದು ಲಕ್ಷ, ಮಕ್ಕಳನ್ನು ಹೆರಬಲ್ಲ ದಂಪತಿಗಳು ಎರಡು ಲಕ್ಷ, ವರ್ಷಕ್ಕೆ ಹುಟ್ಟಿ ಉಳಿಯುವ ಬಡಮಕ್ಕಳು 1,20,000, ಅವರಲ್ಲಿ ಸಂತಾನಕ್ಕೆಂದು ಉಳಿಸಿಕೊಳ್ಳಬೇಕಾದವರು 20,000 ಎಂಬ ಆ ಶಾಂತವಾದ ಗಣಿತವು, ಮನುಷ್ಯರನ್ನು ಅಂಕಿಗಳಾಗಿ ಎಣಿಸಿ ದೇಶದ ಸಂಪತ್ತನ್ನು ಅಳೆಯುತ್ತಿದ್ದ ವಿಲಿಯಂ ಪೆಟ್ಟಿಯ ಪಂಥದವರ ಗಣಿತವೇ. ಈ ಕೃತಿಯ ಭಯಾನಕತೆಯನ್ನು ಮೆಚ್ಚುವವರು ಬಹುಮಂದಿ. ಅದರ ಕೊನೆಯ ಭಾಗವನ್ನು ಗಮನವಿಟ್ಟು ಓದುವವರು ಕಡಮೆ. ಅಲ್ಲಿ ಆ ಸಲಹೆಗಾರನು, ತನ್ನೆದುರಿಗೆ ಬೇರೆ ಉಪಾಯಗಳನ್ನು ಎತ್ತಬೇಡಿರೆಂದು ಹೇಳುತ್ತ ಅವುಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ: ಪರದೇಶದಲ್ಲಿ ಕುಳಿತ ಜಮೀನುದಾರರಿಗೆ ಪೌಂಡಿಗೆ ಐದು ಷಿಲಿಂಗಿನಂತೆ ತೆರಿಗೆ, ಸ್ವದೇಶದ ಬಟ್ಟೆ ಮತ್ತು ಗೃಹೋಪಕರಣಗಳ ಬಳಕೆ, ಹೊರದೇಶದ ಭೋಗವಸ್ತುಗಳ ತ್ಯಾಗ, ಒಕ್ಕಲಿನ ಮೇಲೆ ಒಡೆಯನಿಗೆ ಕಿಂಚಿತ್ ಕರುಣೆ, ಅಂಗಡಿಯವನಿಗೆ ಪ್ರಾಮಾಣಿಕತೆ. ಇವು ಸ್ವಿಫ್ಟನು ಅನೇಕ ವರ್ಷಗಳಿಂದ ಪುಸ್ತಿಕೆಗಳಲ್ಲಿಯೂ ವೇದಿಕೆಯಲ್ಲಿಯೂ ಗಂಭೀರವಾಗಿ ಬೋಧಿಸಿ, ಯಾರೂ ಕೇಳದೆ ಸೋತ ಉಪಾಯಗಳು. ಸರಳವಾದ ಮಾತನ್ನೆಲ್ಲ ಆಡಿ ಮುಗಿಸಿದ ಮೇಲೆ ಮಾತ್ರ ಅವನು ವಕ್ರವಾಗಿ ಮಾತನಾಡಿದನು. ಇದನ್ನು ಬಿಟ್ಟು ಆ ಪ್ರಬಂಧದ ಕ್ರೂರವಾದ ತಂತ್ರವನ್ನಷ್ಟೇ ಅನುಕರಿಸುವವನು ಅದನ್ನು ಓದಿದವನೇ ಅಲ್ಲ.

ಆ ಕಾಲದಲ್ಲಿಯೇ ಡೀನನು ತನ್ನ ಹಣದಿಂದ ಐನೂರು ಪೌಂಡನ್ನು ತೆಗೆದಿರಿಸಿ, ಡಬ್ಲಿನ್ನಿನ ಬಡ ಕಸುಬುದಾರರಿಗೆ ಐದು ಹತ್ತು ಪೌಂಡುಗಳಂತೆ ಬಡ್ಡಿಯಿಲ್ಲದೆ ಸಾಲಕೊಟ್ಟು, ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಪಡೆಯುತ್ತಿದ್ದನು. 1745ರ ಅಕ್ಟೋಬರ್ 19ರಂದು ಅವನು ಕಾಲವಾದಾಗ ಆಸ್ತಿಯ ಬಹುಭಾಗವು ಬುದ್ಧಿವಿಕಲರ ಆಸ್ಪತ್ರೆಯೊಂದಕ್ಕೆ ಹೋಯಿತು; 1757ರಲ್ಲಿ ತೆರೆದ ಆ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.

ಅವನ ಗ್ರಂಥಗಳನ್ನು 1735ರಲ್ಲಿ ಡಬ್ಲಿನ್ನಿನಲ್ಲಿ ಪ್ರಕಟಿಸಿದ ಜಾರ್ಜ್ ಫಾಕ್ನರನು ಒಂದು ಸಂಗತಿಯನ್ನು ತಿಳಿಸಿದ್ದಾನೆ. ಕರಡು ಹಾಳೆಗಳನ್ನು ಓದಿಸಿ ಕೇಳುವಾಗ ಸ್ವಿಫ್ಟನು ತನ್ನ ಇಬ್ಬರು ಸೇವಕರನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದನಂತೆ. ಅವರಿಗೆ ಒಂದು ವಾಕ್ಯವು ತಿಳಿಯದೆ ಹೋದರೆ ತಿಳಿಯುವವರೆಗೂ ಅದನ್ನು ತಿದ್ದುತ್ತಿದ್ದನಂತೆ. ನೀವು ಯಾವ ಅನ್ಯಾಯವನ್ನು ಕುರಿತು ಬರೆಯುತ್ತೀರೋ ಅದರ ಲೆಕ್ಕವನ್ನೂ ಕಾನೂನನ್ನೂ ಮೊದಲು ಕಲಿಯಿರಿ. ಅನಂತರ, ಅದನ್ನು ಮಾಡಿದವನು ನಕ್ಕನೇ ಮುನಿದನೇ ಎಂದು ನೋಡುತ್ತ ಕೂಡದೆ, ಅದರಿಂದ ನಷ್ಟಹೊಂದುವವನು ಯಾರೋ ಅವನನ್ನು ಕರೆದು, ಎದುರಿಗೆ ಕೂರಿಸಿಕೊಂಡು, ನಿಮ್ಮ ಬರಹವನ್ನು ಗಟ್ಟಿಯಾಗಿ ಓದಿರಿ. ಅವನಿಗೆ ತಿಳಿಯದಿದ್ದರೆ ಪತ್ರಿಕೆಗೆ ಕಳುಹಿಸಬೇಡಿರಿ; ಮತ್ತೊಮ್ಮೆ ಬರೆಯಿರಿ.

ಇತಿ,
ನಿಮ್ಮ ಬರಹಗಳನ್ನು ತಪ್ಪದೆ ಓದುವ ಒಬ್ಬ ಹಿತೈಷಿ